ಮುಟ್ಟಬಾರದ ಮಂಚ

ಮನೆಯಿಂದ,
ಸೋಮವಾರ ಬೆಳಿಗ್ಗೆ

ಸಮಕಾಲೀನ ಕಲಾ ಸಾಮ್ರಾಜ್ಯದ ಏಕೈಕ ಸಾಮ್ರಾಜ್ಞಿ, ಕತ್ತಲೆ ಕೋಣೆಗಳ ಚಕ್ರವರ್ತಿನಿ, ಖಾಲಿ ಗೋಡೆಗೂ ಅರ್ಥ ಬರಿಸಬಲ್ಲ ಮಹಾಮಾಂತ್ರಿಕೆ, ಪತ್ರಿಕಾ ವಿಮರ್ಶಕರ ಕಣ್ಮಣಿ, ಹಾಗೂ ಚಿಕ್ಕಂದಿನಲ್ಲಿ ನನ್ನ ತಟ್ಟೆಯ ಕೊನೆಯ ತುತ್ತನ್ನು ನನ್ನ ಕಣ್ಣೆದುರೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ನನ್ನ ಅಕ್ಕನ ದಿವ್ಯ ಸನ್ನಿಧಾನಕ್ಕೆ,

ಒಬ್ಬನೇ ತಮ್ಮನ ವಿಜ್ಞಾಪನೆ.

ಉಭಯ ಕುಶಲೋಪರಿ ಎಂದು ಬರೆಯುವುದು ಪದ್ಧತಿ. ನಾನು ಬರೆಯುವುದಿಲ್ಲ. ತಮ್ಮ ಕುಶಲ ಫೋಟೋ ಸಮೇತ ಪೇಪರಿನಲ್ಲಿ ಬಂದಿದೆ, ಇಲ್ಲಿ ಕುಶಲ ಇಲ್ಲ. ಮೊನ್ನೆ ತಾವು ಮಾತಿನ ಮಧ್ಯೆ ಫೋನ್ ಇಟ್ಟುಬಿಟ್ಟಿರಿ, ಆಮೇಲೆ ಎತ್ತುತ್ತಿಲ್ಲ. ಕಾಗದದ ಗುಣವೇ ಬೇರೆ. ಅದನ್ನು ಅರ್ಧಕ್ಕೆ ಇಟ್ಟರೂ ಮೇಜಿನ ಮೇಲೆ ಬಿದ್ದುಕೊಂಡು ತಮ್ಮ ಮುಖವನ್ನೇ ನೋಡುತ್ತಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವರದಿ ಒಪ್ಪಿಸುತ್ತೇನೆ. ನಮ್ಮ ಬಡಾವಣೆಯ ಕಲಾ ಕೇಂದ್ರದಲ್ಲಿ, ಅಂದರೆ ಆ ಹಳೆಯ ಐಸ್ ಫ್ಯಾಕ್ಟರಿಯಲ್ಲಿ, ಮೂರು ಹೊಸ ಪ್ರದರ್ಶನಗಳು ನಡೆಯುತ್ತಿವೆ. ಮೊದಲ ಕೋಣೆಯಲ್ಲಿ ಮುರಿದ ಛತ್ರಿಗಳನ್ನು ತಲೆಕೆಳಗಾಗಿ ನೇತುಹಾಕಿದ್ದಾರೆ. ಅದರ ಹೆಸರು ‘ಆಕಾಶದ ಕ್ಷಮಾಪಣೆ’. ಎರಡನೆಯದರಲ್ಲಿ ಪರದೆಯ ಮೇಲೆ ಒಬ್ಬ ಮಹಾಶಯ ಬೆನ್ನು ಮುಂದೆ ಮಾಡಿಕೊಂಡು ಮೆಟ್ಟಿಲು ಹತ್ತುತ್ತಾನೆ. ನಾನು ಕೊನೆಯವರೆಗೂ ಕಾದೆ. ಬೀಳಲಿಲ್ಲ. ಬಹಳ ನಿರಾಶೆಯಾಯಿತು.

ಮೂರನೆಯದು ತಮ್ಮದು. ಹಿಂದೆ ಐಸ್ ಗಡ್ಡೆ ಪೇರಿಸಿಡುತ್ತಿದ್ದ ಕಿಟಕಿಯಿಲ್ಲದ ಕೋಣೆ. ನಡುವೆ ಒಂದು ಮಂದ ದೀಪ, ಅದರ ಕೆಳಗೆ ಅಪ್ಪ ಅಮ್ಮನ ಮಂಚ, ಸುತ್ತ ಹಗ್ಗ. ಗೋಡೆಯ ಹಿಂದಿನ ಸ್ಪೀಕರಿನಿಂದ ಗೊರಕೆ. ಬಾಗಿಲ ಪಕ್ಕದ ಫಲಕ ಹೀಗೆ ಹೇಳುತ್ತದೆ: ‘ತಂದೆ, ನಿದ್ರೆಯಲ್ಲಿ. ಮರ, ಧ್ವನಿ, ಕತ್ತಲೆ. ಗೊರಕೆಯ ನಡುವೆ ಒಮ್ಮೆ ತುಂಡಾಗುವ ಉಸಿರನ್ನು ಗಮನಿಸಿ. ಬರಲಿರುವ ಸಾವು ಅಲ್ಲಿ ಬಾಗಿಲು ತಟ್ಟುತ್ತಿದೆ.’ ಇದನ್ನು ಓದಿದ ಕೂಡಲೇ ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಕೊಂಡೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಇಲ್ಲವೇ ಹೇಳುವುದಿಲ್ಲ.

ಇಲ್ಲಿಗೆ ‘ತಾವು’ ಸಾಕು. ಸಿಟ್ಟಿಗೆ ಬಹುವಚನ ಒಗ್ಗುವುದಿಲ್ಲ.

ಅಕ್ಕ, ಮಂಚಕ್ಕೆ ಪಾಲಿಶ್ ಮಾಡಿಸಿ ಕೊಡುತ್ತೇನೆ ಅಂತ ನೀನು ಅಮ್ಮನಿಗೆ ಹೇಳಿದೆ. ಅಮ್ಮ ನಂಬಿದಳು. ಟೆಂಪೋ ಬರುವ ಮುಂಚೆ ಒದ್ದೆ ಬಟ್ಟೆಯಲ್ಲಿ ನಾಲ್ಕೂ ಕಾಲು ಒರೆಸಿ, ದಾರಿಯಲ್ಲಿ ಗೀರು ಬೀಳದಿರಲಿ ಅಂತ ಹಳೆ ಪೇಪರ್ ಸುತ್ತಿ ದಾರ ಕಟ್ಟಿಕೊಟ್ಟಳು. ಅವತ್ತಿನಿಂದ ಅವಳ ಹಾಸಿಗೆ ನೆಲದ ಮೇಲೆ. ಅಪ್ಪ ಹೋದಾಗಿನಿಂದ ಅವಳಿಗೆ ನಿದ್ದೆಯಂತೂ ಮೊದಲೇ ಇರಲಿಲ್ಲ. ಇದ್ದದ್ದು ಹೊರಳಾಡುವುದಕ್ಕೆ ಆ ಮಂಚ ಒಂದೇ. ಅದನ್ನೂ ನೀನು ಸಾಗಿಸಿದೆ. ಆಮೇಲೊಂದು ದಿನ ಪೇಪರಿನಲ್ಲಿ ಫೋಟೋ ನೋಡಿ ಕನ್ನಡಕ ಏರಿಸಿಕೊಂಡು ನನ್ನನ್ನು ಕರೆದಳು. “ಲೋ, ಇದು ನಮ್ಮ ಮಂಚ ಅಲ್ವೇನೋ? ಪಾಲಿಶ್ ಹಾಕೇ ಇಲ್ವಲ್ಲೋ.”

ಕರೆದುಕೊಂಡು ಹೋದೆ. ಇದೊಂದು ತಪ್ಪು ನನ್ನದು, ಒಪ್ಪುತ್ತೇನೆ.

ಅಲ್ಲೊಬ್ಬ ಕಾವಲುಗಾರ ಇದ್ದಾನೆ. ದಿನವಿಡೀ ಒಂದೇ ಮಾತು ಹೇಳುವುದರಿಂದ ನಾನು ಅವನಿಗೆ ‘ಮುಟ್ಬೇಡಿ’ ಅಂತಲೇ ನಾಮಕರಣ ಮಾಡಿದ್ದೇನೆ. ಅಮ್ಮ ಬಟ್ಟೆ ಒಣಹಾಕಿದ ಹಗ್ಗ ಎತ್ತುವ ಹಾಗೆ ನಿನ್ನ ಹಗ್ಗ ಎತ್ತಿ, ಬಗ್ಗಿ ಒಳಗೆ ಹೋಗಿ, ಮಂಚದ ಮೇಲೆ ಕೂತು, ಒಂದು ಕಾಲು ಮಡಚಿಕೊಂಡಳು. ಮುಟ್ಬೇಡಿ ಓಡಿ ಬಂದ. “ಏಳಿ ಅಮ್ಮಾ, ಏಳಿ, ಇದರ ಮೇಲೆ ಯಾರೂ ಕೂರೋ ಹಾಗಿಲ್ಲ.” ಅಮ್ಮ ಅವನಿಗೆ ಸಮಾಧಾನ ಹೇಳಿದಳು. “ಗೊತ್ತಪ್ಪ, ಆ ಕಡೆ ಕಾಲು ಅಲ್ಲಾಡತ್ತೆ. ನಾನು ಈ ಕಡೆನೇ ಕೂತಿದೀನಿ.”

ಮಂಚ ಅವರದ್ದೇ ಅಂತ ನಾನು ಹೇಳಿದೆ. ಅವನು ಬಹಳ ಕನಿಕರದಿಂದ ನನ್ನನ್ನು ನೋಡಿದ. “ಎಲ್ರೂ ಹಾಗೇ ಅಂತಾರೆ ಸಾರ್. ನಿನ್ನೆ ಒಬ್ರು, ಇದು ನಮ್ಮಪ್ಪಂದೇ ಗೊರಕೆ ಅಂತ ಅತ್ತುಬಿಟ್ರು.”

ಕೊನೆಗೆ ಅಮ್ಮ ಎದ್ದಳು. ತನ್ನ ಮಂಚದಿಂದ ತಾನೇ ಎದ್ದು, ಕೂತ ಜಾಗವನ್ನು ಸೆರಗಿನಿಂದ ಒರೆಸಿ, ಹಗ್ಗದಡಿ ನುಸುಳಿ ಹೊರಗೆ ಬಂದಳು. ನಾನು ನೋಡುತ್ತಾ ನಿಂತೆ, ನೀನು ನೋಡಲಿಲ್ಲ. ಆ ಒರೆಸಿದ್ದನ್ನು ನೀನು ನೋಡಬೇಕಿತ್ತು.

ಮುಟ್ಬೇಡಿಗೂ ಏನನ್ನಿಸಿತೋ, ತಾನು ಕೂರುವ ಪ್ಲಾಸ್ಟಿಕ್ ಕುರ್ಚಿಯನ್ನು ತಂದು ಹಗ್ಗದ ಪಕ್ಕ ಹಾಕಿದ. ಅಮ್ಮ ಕೂತಳು. ಗೊರಕೆ ನಡೆಯುತ್ತಿತ್ತು. ನಿನ್ನ ಫಲಕದ ಆ ತುಂಡು ಉಸಿರು ಬಂತು ನೋಡು, ಅವಳ ತಲೆ ವಾಲಿತು. ನಾನು ಗಾಬರಿಯಾಗಿ ಮೂಗಿನ ಹತ್ತಿರ ಬೆರಳು ಹಿಡಿದೆ. ನಿದ್ದೆ. ಬಾಗಿಲು ಹಾಕುವ ಹೊತ್ತಿನವರೆಗೂ ನಿದ್ದೆ. ಅಪ್ಪ ಹೋದಮೇಲೆ ಅವಳು ಹಾಗೆ ಮಲಗಿದ್ದನ್ನು ನಾನು ಕಂಡಿದ್ದು ಅವತ್ತೇ.

ಅಲ್ಲಿಂದೀಚೆಗೆ ಅಮ್ಮನಿಗೆ ಅದೇ ಕೆಲಸ. ಗೇಟು ತೆಗೆಯುವ ಮುಂಚೆಯೇ ಹೋಗಿ ನಿಲ್ಲುತ್ತಾಳೆ, ಕುರ್ಚಿಯಲ್ಲಿ ಕೂರುತ್ತಾಳೆ, ಅದೇ ತುಂಡು ಉಸಿರಿಗೆ ತಲೆ ವಾಲಿಸುತ್ತಾಳೆ. ಬಂದವರು ಅವಳನ್ನೂ ಪ್ರದರ್ಶನದ ಭಾಗ ಅಂದುಕೊಂಡು ಸುತ್ತು ಹಾಕಿ ನೋಡುತ್ತಾರೆ. ಒಬ್ಬ ವಿಮರ್ಶಕ ಮಹಾಶಯ ಬರೆದದ್ದನ್ನು ಓದಿದೆಯಾ? ‘ಕುರ್ಚಿಯಲ್ಲಿ ತೂಕಡಿಸುವ ವೃದ್ಧೆಯ ಅಭಿನಯ ಸ್ವಲ್ಪ ಅತಿಯಾಯಿತು.’ ಅಮ್ಮನಿಗೆ ಓದಿ ಹೇಳಿದೆ. “ಬಾಯಿ ತೆರೆದಿತ್ತೇನೋ?” ಅಂತ ಕೇಳಿದಳು.

ಇಷ್ಟನ್ನೂ ಮೊನ್ನೆ ಫೋನಿನಲ್ಲಿ ನಿನಗೆ ಹೇಳಿದೆ. ನೀನು ಸುಮ್ಮನಾದೆ. ಅಳುತ್ತಿದ್ದೀಯ ಅಂದುಕೊಂಡು ನಾನೂ ಸುಮ್ಮನಿದ್ದೆ, ಜನ್ಮದಲ್ಲಿ ಮೊದಲ ಸಲ. ಆಮೇಲೆ ನೀನು ಕೇಳಿದ್ದು ಏನು, ನೆನಪಿದೆಯಾ? “ಫೋಟೋ ತೆಗೆದಿದೀಯಾ? ಕುರ್ಚಿ ಬದಲಾಯಿಸಬೇಡಿ ಅಂತ ಹೇಳು, ಪ್ಲಾಸ್ಟಿಕ್ಕೇ ಚೆನ್ನಾಗಿದೆ.”

ಅಪ್ಪ ಹೋದಾಗ ನೀನು ಅಳಲಿಲ್ಲ. ಅದನ್ನು ನಾನು ಯಾವತ್ತೂ ಆಡಿಕೊಂಡಿಲ್ಲ, ಬೇರೆಯವರು ಆಡಿಕೊಂಡಾಗ ಜಗಳವಾಡಿದ್ದೇನೆ. ಒಬ್ಬೊಬ್ಬರ ಅಳು ಒಂದೊಂದು ಥರ. ನಿನ್ನ ಅಳುವಿಗೆ ದೀಪ, ಹಗ್ಗ, ಫಲಕ ಬೇಕು ಅಂದರೆ ಇರಲಿ. ಆದರೆ ಉದ್ಘಾಟನೆಗೆ ಬಂದವಳು, ಎರಡು ತಿರುವಿನಾಚೆ ಇರುವ ಮನೆಗೆ ಬಾರದೆ ಹಾಗೇ ಹಿಂತಿರುಗಿದೆಯಲ್ಲ, ಅದು ಯಾವ ಕಲೆ? ಊರಿಗೆ ಬಂದವಳು ಮನೆಗೂ ಬರುತ್ತೀಯ ಅಂತ ಅಮ್ಮ ಅವತ್ತು ಎರಡು ಸಲ ತಲೆ ಬಾಚಿಕೊಂಡಳು.

ಆಮೇಲೆ ಆ ಇನ್ನೊಂದು ಸುದ್ದಿ. ಮಾರಿಬಿಟ್ಟಿದ್ದೀಯ. ಯಾರೋ ಗ್ರಾನೈಟ್ ವ್ಯಾಪಾರಿ, ಹೊಸ ಮನೆಯ ಕೆಳಗಿನ ಕೋಣೆಗೆ ಬೇಕಂತೆ, ಮಂಚ ಸಮೇತ, ಗೊರಕೆ ಸಮೇತ. ಭಾನುವಾರ ಪ್ರದರ್ಶನ ಮುಗಿದ ಕೂಡಲೇ ಲಾರಿ ಬರುತ್ತದಂತೆ. ಮಂಚ ಹೋಗಲಿ, ಗೊರಕೆಯ ಒಂದು ನಕಲಾದರೂ ಕೊಡು, ಅಮ್ಮ ಮನೆಯಲ್ಲೇ ಹಾಕಿಕೊಂಡು ಮಲಗುತ್ತಾಳೆ ಅಂತ ಬೇಡಿಕೊಂಡೆ. ನೀನು ಕರಾರಿನ ಮಾತಾಡಿದೆ. ಜಗತ್ತಿನಲ್ಲಿ ಇದರ ಇನ್ನೊಂದು ಪ್ರತಿ ಇಲ್ಲ ಅಂತ ಸಹಿ ಮಾಡಿದ್ದೀಯಂತೆ. ಅದು ಈಗ ನಿನ್ನದೂ ಅಲ್ಲವಂತೆ. ಹಾಗಾದರೆ ಅಮ್ಮ ಎಲ್ಲಿ ಮಲಗಬೇಕು ಅಂದೆ. ನೀನು ಫೋನ್ ಇಟ್ಟೆ.

ಇವತ್ತು ಸೋಮವಾರ, ಕೇಂದ್ರಕ್ಕೆ ವಾರದ ರಜೆ. ಅಮ್ಮ ಬೆಳಿಗ್ಗೆಯಿಂದ ಗುಡಿಸಿದ ಕೋಣೆಯನ್ನೇ ಗುಡಿಸುತ್ತಿದ್ದಾಳೆ, ಮಡಚಿಟ್ಟ ಹೊದಿಕೆಗಳನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಾಳೆ. ಕಣ್ಣು ಕೆಂಪಗಿದೆ. ಕೇಳಿದರೆ ಧೂಳು ಅನ್ನುತ್ತಾಳೆ.

ಆದ್ದರಿಂದ ಈ ಕೆಳಗೆ ಸಹಿ ಮಾಡಿರುವ ನಾನು ಸಮಸ್ತ ಕಲಾಲೋಕದ ಸಾಕ್ಷಿಯಾಗಿ ಸಾರುವುದೇನೆಂದರೆ: ಭಾನುವಾರದೊಳಗೆ ಮಂಚವೂ ಗೊರಕೆಯ ನಕಲೂ ಈ ಮನೆಗೆ ಬರತಕ್ಕದ್ದು. ಬಾರದಿದ್ದಲ್ಲಿ, ಛತ್ರಿಗಳನ್ನೆಲ್ಲ ಇಳಿಸಿ ನಿನ್ನ ಮಂಚದ ಮೇಲೆ ಮಲಗಿಸಲಾಗುವುದು. ಮಂಚದ ಕೆಳಗೆ ಅಲಾರಂ ಗಡಿಯಾರ ಇಡಲಾಗುವುದು. ನಿನ್ನ ಫಲಕದ ಜಾಗದಲ್ಲಿ ನನ್ನದು ಬರುತ್ತದೆ: ‘ಅಮ್ಮನ ಸ್ವತ್ತು, ಮಗಳ ಹೆಸರಲ್ಲಿ. ಮರ, ಧ್ವನಿ, ಸುಳ್ಳು.’ ಮುಟ್ಬೇಡಿ ನನ್ನ ಪಕ್ಷ ಸೇರಿದ್ದಾನೆ, ಅವತ್ತು ಬೆನ್ನು ತಿರುಗಿಸಿ ನಿಲ್ಲಲು ಒಪ್ಪಿದ್ದಾನೆ. ಆ ಗ್ರಾನೈಟ್ ಮಹಾಶಯರಿಗೂ ಒಂದು ಕಾಗದ ಹೋಗುತ್ತದೆ. ಸ್ವಾಮಿ, ನೀವು ಕೊಂಡುಕೊಂಡದ್ದು ಒಬ್ಬ ಹೆಂಗಸಿನ ನಿದ್ದೆ, ಕಲ್ಲಿನ ಮನೆಯಲ್ಲಿ ಅದು ಬಾಳಿಕೆ ಬರುವುದಿಲ್ಲ ಅಂತ.

ನಗಬೇಡ. ನಾನು ನಗುತ್ತಿಲ್ಲ.

ಇಂತಿ,
ಬಾಲ್ಯದಿಂದಲೂ ವಿಧೇಯನಲ್ಲದ, ಈಗಂತೂ ಖಂಡಿತ ಅಲ್ಲದ
ತಮ್ಮ

ವಿ.ಸೂ.: ಲಕೋಟೆ ಅಂಟಿಸಿರಲಿಲ್ಲ. ಈಗ ಸೋಮವಾರ ಸಂಜೆ. ಗೊರಕೆಯ ನಕಲು ಬೇಡ, ಮಂಚ ಮಾತ್ರ ಕಳಿಸು. ಗೊರಕೆಯ ಮೂಲ ನನ್ನ ಹತ್ತಿರವೇ ಇದೆ.

ಅಪ್ಪನ ಗೊರಕೆ ರೆಕಾರ್ಡ್ ಮಾಡಿ ಕಳಿಸು ಅಂತ ನೀನು ಪ್ರಾಣ ತಿನ್ನುತ್ತಿದ್ದೆಯಲ್ಲ, ಆ ವಾರ ಅಪ್ಪ ಕೆಮ್ಮಿಕೊಂಡು ಎದ್ದು ಕೂತೇ ಇರುತ್ತಿದ್ದರು. ನಾನೇ ಹೊದಿಕೆಯೊಳಗೆ ಫೋನ್ ಇಟ್ಟುಕೊಂಡು ಗೊರಕೆ ಹೊಡೆದು, ನಿನಗೆ ಕಳಿಸಿ, ಫೋನಿನಿಂದ ಅಳಿಸಿಹಾಕಿದೆ. ಮಾರನೆಯ ದಿನ ಹೇಳಿ ನಿನ್ನ ಮರ್ಯಾದೆ ತೆಗೆಯೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ನೀನು ಕೇಳಿ ಕಣ್ಣಲ್ಲಿ ನೀರು ಬಂತು ಅಂದೆ. ಆಮೇಲೆ ಅಪ್ಪ ಹೋದರು, ಹೇಳಲು ಬಾಯಿ ಬರಲಿಲ್ಲ. ನಿನ್ನ ಫಲಕದಲ್ಲಿ ಬಾಗಿಲು ತಟ್ಟಿದ ಆ ಸಾವು, ನಾನು ನಗು ತಡೆದುಕೊಂಡದ್ದು.

ಇವತ್ತು ಮಧ್ಯಾಹ್ನ ಅಮ್ಮ ನೆಲದ ಮೇಲೆ ಹೊರಳಾಡುವುದನ್ನು ನೋಡಲಾಗದೆ ಪಕ್ಕದ ಕೋಣೆಯಲ್ಲಿ ಬಾಗಿಲ ಹಿಂದೆ ಕೂತು ಗೊರಕೆ ಶುರು ಮಾಡಿದೆ. ಗಂಟಲು ಹರಿಯುವ ಹೊತ್ತಿಗೆ ಮಲಗಿದಳು. ಎದ್ದಮೇಲೆ ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಡುತ್ತಾ ಅಂದಳು: “ಅಲ್ಲಿ ಮಧ್ಯೆ ನಗು ತಡ್ಕೋತೀಯಲ್ಲ, ಇವತ್ತು ಅದನ್ನ ಬಿಟ್ಬಿಟ್ಟೆ ಕಣೋ. ನಂಗೆ ನೆಮ್ಮದಿ ಆಗೋದೇ ಅಲ್ಲಿ.”