ತವರಿಗೆ ಕಳಿಸದ ವರ್ಷ

ಹೀರಾಬಾಯಿ,

ನೀನು ಸತ್ತು ಆರು ವರ್ಷ; ಈ ಕಾಗದ ಎಲ್ಲಿಗೆ ಹಾಕಲಿ? ಇವತ್ತು ಮಗ ಸೊಸೆ ಜೊತೆ ಸೇಡಮ್ಮಿನ ಡಾಕ್ಟರ ಹತ್ತಿರ ಹೋಗಿದ್ದೆ. ಮಕ್ಕಳಾಗದ ಕೊರತೆ ನಮ್ಮ ಅಣವೀರನಲ್ಲಿದೆಯಂತೆ. ಎಂಟು ವರ್ಷ ನಾನು ಬೈದದ್ದು ಸೊಸೆಯನ್ನು.

ಡಾಕ್ಟರು ಅಣವೀರನನ್ನು ತೋರಿಸಿ ಕೇಳಿದರು: "ಕಾಕಾ, ಇವ್ರು ಹೊಟ್ಟ್ಯಾಗಿದ್ದಾಗ ಇವ್ರ ಅವ್ವ ಕ್ರಿಮಿನಾಶಕ, ಅದೇ ಹುಳದ ಎಣ್ಣಿ, ಮುಟ್ಟಿದ್ರೇನ್ರಿ? ಖಾತ್ರಿ ಹೇಳಾಕ ಬರಂಗಿಲ್ಲ, ಅದೂ ಕಾರಣ ಇರಬಹುದು."

"ಇಲ್ರಿ, ಆಕಿ ತವರಾಗಿದ್ಳು," ಎಂದುಬಿಟ್ಟೆ.

ಅಣವೀರ ನಿನ್ನ ಹೊಟ್ಟೆಯಲ್ಲಿದ್ದಾಗ, ಸೀಮಂತದ ಕುಬಸ ಮುಗಿಸಿ ನಿನ್ನನ್ನು ತವರಿಗೆ ಕರೆದೊಯ್ಯಲು ನಿಮ್ಮಣ್ಣ ಬಂದಿದ್ದ. "ತೊಗರಿಗಿ ಎಣ್ಣಿ ಹೊಡಿಯೋದು ಮುಗೀಲಿ, ಹೋಗಪ್ಪ," ಎಂದು ಬಾಗಿಲಿಂದಲೇ ಅಟ್ಟಿದೆ. ಡ್ರಮ್ಮಿಗೆ ಕೈ ಹಾಕಿ ಎಣ್ಣೆ ಕಲಸಿದವಳು ನೀನು. ವಾಸನೆಗೆ ವಾಂತಿ ಮಾಡಿಕೊಂಡರೆ, ಬಸುರಿ ವಾಂತಿ ಎಂದು ಗದರಿದೆ.

ಇವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಅಣವೀರ, "ಪುಣ್ಯಾಕ ಅವ್ವ ತವರಾಗಿದ್ಳು," ಎಂದ.

ಹೂಂ ಎಂದೆ. ಅವತ್ತು ನಿಮ್ಮಣ್ಣನಿಗೆ ಅನ್ನಬೇಕಾಗಿದ್ದ ಹೂಂ.