ಕೆಂಚಿಗೊಂದು ಜೊತೆ

ಜನವರಿ 9

ಎದ್ದೆ. ಮುಖ ತೊಳೆದೆ. ಗೂಡಿನ ಬಾಗಿಲಿಗೆ ಎರಡನೇ ಸಲ ಸ್ಯಾಂಡ್ ಪೇಪರ್ ಹೊಡೆದೆ. ಕೋಳಿಗೂಡು ಅನ್ನಬಾರದು ಇದನ್ನು, ಬೀರು ಅನ್ನಬೇಕು. ರಾತ್ರಿ ಒಳಗೆ ಟಾರ್ಚ್ ಇಟ್ಟು ಮುಚ್ಚಿ ನೋಡಿದ್ದೆ. ಒಂದು ಸಂದಿನಲ್ಲೂ ಬೆಳಕು ಹೊರಗೆ ಬರಲಿಲ್ಲ. ಕೈ ನಡುಗುತ್ತದೆ ಎಂದು ವರ್ಕ್‌ಶಾಪಿನಿಂದ ಬಿಡಿಸಿದನಲ್ಲ ಆ ಮೇಸ್ತ್ರಿ, ಅವನು ಬಂದು ನೋಡಬೇಕು. ಅವನು ಚಡ್ಡಿ ಹಾಕುವ ಮೊದಲೇ ನಾನು ಕಿಟಕಿ ಬಾಗಿಲು ಕೂಡಿಸುತ್ತಿದ್ದವನು.

ಕೈಗೆ ಕೆಲಸ ಬೇಕಿತ್ತು, ಗೂಡು ಮಾಡಿದೆ. ಗೂಡಾದ ಮೇಲೆ ಕೋಳಿ ತರಲೇಬೇಕಲ್ಲ.

ಜನವರಿ 11

ಕೋಳಿ ತಂದೆ. ಒಂದೇ ಸಾಕು ಎಂದಿದ್ದೆ. ಕೋಳಿ ಮಾರುವವ ಒಪ್ಪಲಿಲ್ಲ. ಕೊಯ್ಯುವುದಾದರೆ ಒಂದು ಒಯ್ಯಿರಿ, ಸಾಕುವುದಾದರೆ ಎರಡಾದರೂ ಬೇಕು ಎಂದ. ದುಡ್ಡು ನನ್ನದು, ದರ್ಬಾರು ಅವನದು. ಎರಡು ಹೆಣ್ಣು ತಂದೆ, ಇನ್ನೂ ಮೊಟ್ಟೆಗೆ ಬಂದಿಲ್ಲ. ಒಂದು ಕೆಂಪು, ಒಂದು ಕಪ್ಪು. ಕೆಂಚಿ, ಕರಿ. ಹೆಸರಿಡಲು ಯಾರನ್ನು ಕೇಳಬೇಕು.

ಪಕ್ಕದ ಮನೆಯ ಟೈಲರಮ್ಮ ಹಿತ್ತಿಲ ಗೋಡೆ ಮೇಲೆ ತಲೆ ಹಾಕಿದಳು. ನನ್ನ ಹೆಂಡತಿಯನ್ನು ಅಕ್ಕ ಅನ್ನುತ್ತಿದ್ದವಳು, ದಿನಾ ಸಂಜೆ ಇಬ್ಬರೂ ಈ ಹಿತ್ತಿಲ ಮೆಟ್ಟಿಲ ಮೇಲೇ ಕೂರುತ್ತಿದ್ದರು. ಹೆಂಡತಿ ತೀರಿಹೋದ ಮೇಲೆ ಈ ಕಡೆ ಕಾಲಿಟ್ಟಿಲ್ಲ. ನಾನೂ ಕರೆದಿಲ್ಲ.

"ಭಾವ, ಗೂಡು ನನ್ನ ಅಂಗಡಿಗಿಂತ ಚೆನ್ನಾಗಿದೆ. ಬಾಡಿಗೆಗೆ ಕೊಡ್ತೀರಾ?"

ಕೋಳಿಗಳನ್ನು ಕೇಳಿ ಹೇಳುತ್ತೇನೆ ಎಂದೆ. ನಕ್ಕಳು. ಒಳಗೆ ಬಂದುಬಿಟ್ಟೆ.

ಜನವರಿ 20

ಚಳಿ. ಗೂಡಿನ ಬಾಗಿಲ ಸುತ್ತ ರಬ್ಬರ್ ಪಟ್ಟಿ ಹೊಡೆದೆ. ಬೆಚ್ಚಗಿರಲಿ. ಬೆಳಿಗ್ಗೆ ತೆರೆದರೆ ಹಿಕ್ಕೆಯ ಘಾಟು ಮುಖಕ್ಕೆ ಹೊಡೆಯುತ್ತದೆ, ಕಣ್ಣಲ್ಲಿ ನೀರು. ಕೋಳಿ ಅಂದ ಮೇಲೆ ನಾರುತ್ತದೆ.

ಜನವರಿ 27, ಮಧ್ಯಾಹ್ನ

ಕರಿ ಬಾಯಿ ತೆರೆದುಕೊಂಡು ಉಸಿರೆಳೆಯುತ್ತಿದೆ. ಗೊರ ಗೊರ. ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಚಿಕ್ಕ ಹುಡುಗಿ. ಗೂಡಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಎಲ್ಲಿಂದಲೂ ಬರುವುದಿಲ್ಲ, ಸೂಜಿ ತೂರದ ಹಾಗೆ ಕೂಡಿಸಿದ್ದೇನೆ, ಮೇಲೆ ರಬ್ಬರ್ ಬೇರೆ ಹೊಡೆದಿದ್ದೇನೆ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಅವಳು ಬರೆಯುತ್ತಿದ್ದದ್ದನ್ನು ನಿಲ್ಲಿಸಿದಳು.

"ತಾತ, ಚಳೀನ ಅವು ತಡ್ಕೊಳ್ತವೆ. ರಾತ್ರಿಯಿಡೀ ಆ ಘಾಟನ್ನೇ ಉಸಿರಾಡಿದ್ರೆ ತಡ್ಕೊಳ್ಳಲ್ಲ."

ಗದರಿದ್ದರೆ ನಾನೂ ಗದರುತ್ತಿದ್ದೆ. ಮೆಲ್ಲಗೆ ಹೇಳಿದಳು.

ಜನವರಿ 28

ಕರಿ ಹೋಯಿತು.

ಗೂಡಿನ ಎರಡೂ ಪಕ್ಕದ ಹಲಗೆ, ಮೇಲ್ಗಡೆ, ಗರಗಸದಲ್ಲಿ ಕೊಯ್ದು ಜಾಲರಿ ಹೊಡೆದೆ. ಅಳತೆ ಹಿಡಿಯಲಿಲ್ಲ. ಗೆರೆ ಎಳೆಯಲಿಲ್ಲ. ಅಂಕುಡೊಂಕು.

ಫೆಬ್ರವರಿ 3

ಕೆಂಚಿ ಕೂಗುತ್ತಲೇ ಇದೆ. ಮೂಲೆಮೂಲೆ ಹುಡುಕುತ್ತದೆ, ನಿಲ್ಲುತ್ತದೆ, ಕೂಗುತ್ತದೆ. ನುಚ್ಚು ಹಾಕಿದರೆ ಮುಟ್ಟುವುದಿಲ್ಲ. ಬಾಯಿ ಮುಚ್ಚು ಎಂದು ಗದರಿದೆ. ಕೋಳಿಗೆ ಗದರಿದ ಮೊದಲನೇ ಮುಠ್ಠಾಳ ನಾನೇ ಇರಬೇಕು.

ಸಾಕಾಗಿ ಮೆಟ್ಟಿಲ ಮೇಲೆ ಕೂತೆ. ಬಂತು. ನನ್ನ ಪಾದದ ಮೇಲೆ ಕೂತಿತು. ಕೂಗು ನಿಂತಿತು. ಕಾಲು ಜೋಮು ಹಿಡಿಯಿತು... ಅಲ್ಲಾಡಿಸಲಿಲ್ಲ.

ಫೆಬ್ರವರಿ 8

ನಾನು ಹೋದಲ್ಲೆಲ್ಲ ಬರುತ್ತದೆ. ಬಟ್ಟೆ ಒಗೆಯುವ ಕಲ್ಲಿಗೆ, ನಲ್ಲಿಗೆ, ಅಡಿಗೆಮನೆ ಹೊಸಿಲಿಗೆ. ಕಕ್ಕಸಿನ ಬಾಗಿಲಲ್ಲಿ ಕಾಯುತ್ತದೆ. ನಾಚಿಕೆ ಇಲ್ಲದ್ದು. ಏನೇ ಎಂದರೆ ಗಂಟಲಲ್ಲೇ ಏನೋ ಗೊಣಗುತ್ತದೆ. ನಾನೂ ಗೊಣಗುತ್ತೇನೆ. ಈ ವಾರ ಮನುಷ್ಯರ ಜೊತೆ ಆಡಿದ್ದಕ್ಕಿಂತ ಇದರ ಜೊತೆ ಆಡಿದ್ದೇ ಹೆಚ್ಚು.

ಆದರೆ ಸೊರಗಿದೆ. ಎತ್ತಿಕೊಂಡರೆ ಎದೆಮೂಳೆ ಕೈಗೆ ಚುಚ್ಚುತ್ತದೆ. ನಾನಿದ್ದರೆ ನಾಲ್ಕು ಕಾಳು ಹೆಕ್ಕುತ್ತದೆ. ಎದ್ದು ಒಳಗೆ ಬಂದರೆ ಬಿಟ್ಟುಬಿಡುತ್ತದೆ, ಮತ್ತೆ ಕೂಗು.

ಫೆಬ್ರವರಿ 9

ಕೋಳಿ ಮಾರುವವನ ಹತ್ತಿರ ಹೋದೆ. ಒಂಟಿ ಕೋಳಿ ಬಾಳುವುದಿಲ್ಲ, ಜೊತೆ ತಗೊಂಡು ಹೋಗಿ, ಇಲ್ಲವಾದರೆ ಇದನ್ನೇ ನನಗೆ ವಾಪಸ್ ಕೊಡಿ ಎಂದ. ಆಮೇಲೆ ಹಲ್ಲು ಕಿರಿದು, "ಜೊತೆ ಬಂದ್ಮೇಲೆ ನಿಮ್ಮನ್ನ ಯಾರು ಕೇಳ್ತಾರೆ ಯಜಮಾನ್ರೇ? ಹಿಂದೆ ಸುತ್ತೋದೆಲ್ಲ ಅಲ್ಲಿಗೆ ಮುಗೀತು" ಎಂದ.

ಬರಿಗೈಯಲ್ಲಿ ವಾಪಸ್ ಬಂದೆ. ಹಿತ್ತಿಲ ಬಾಗಿಲು ಪೂರ್ತಿ ತೆಗೆಯುವ ಮೊದಲೇ ಕೆಂಚಿ ಓಡಿ ಬಂತು, ರೆಕ್ಕೆ ಬಿಚ್ಚಿಕೊಂಡು.

ನಾಳೆ ನೋಡೋಣ.

ಫೆಬ್ರವರಿ 10

ಟೈಲರಮ್ಮ ಗೋಡೆಯಾಚೆಯಿಂದ, ನಿಮ್ಮ ಕೋಳಿ ಕೂಗಿ ಕೂಗಿ ನನ್ನ ಹೊಲಿಗೆಯೆಲ್ಲ ಸೊಟ್ಟ ಆಗುತ್ತಿದೆ ಎಂದಳು. ಮೊದಲು ನೆಟ್ಟಗಿತ್ತೇ ಎಂದೆ. ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಅಂಗಡಿಯ ಕನ್ನಡಿಗೆ ಒಂದು ಗುಬ್ಬಿ ಬಂದು ಗಂಟೆಗಟ್ಟಲೆ ಕೂರುತ್ತದಂತೆ. ಒಂದು ಕನ್ನಡಿ ಇಟ್ಟು ನೋಡಿ ಎಂದಳು.

ಹೆಂಡತಿ ತಲೆ ಬಾಚುತ್ತಿದ್ದ ಕನ್ನಡಿ ಗೋಡೆಗೆ ಮುಖ ತಿರುಗಿಸಿಕೊಂಡು ನಿಂತಿತ್ತು. ತಿರುಗಿಸಿದ್ದು ನಾನೇ. ಹೊರಗೆ ತಂದು ಗೂಡಿನ ಪಕ್ಕ ಆನಿಸಿದೆ.

ಕೆಂಚಿ ಕತ್ತು ಓರೆ ಮಾಡಿ ನೋಡಿತು. ಹತ್ತಿರ ಹೋಯಿತು. ಒತ್ತಿಕೊಂಡು ಕೂತಿತು. ಸಂಜೆ ನುಚ್ಚು ತಿಂದಿತು, ನಾನು ಒಳಗಿದ್ದಾಗಲೂ.

ಮುಗಿಯಿತಲ್ಲ. ಕನ್ನಡಿಯೂ ಇದೆ, ನಾನೂ ಇದ್ದೇನೆ. ಇನ್ನೊಂದು ಕೋಳಿ ಯಾಕೆ.

ಫೆಬ್ರವರಿ 24

ಕೆಂಚಿಗೆ ಒಂದು ಹುಳ ಸಿಕ್ಕಿತು. ನುಂಗಲಿಲ್ಲ. ಕನ್ನಡಿಯ ಮುಂದೆ ಒಯ್ದು ಹಾಕಿತು. ಕುಕ್ ಕುಕ್ ಎಂದು ಕರೆಯಿತು. ಕನ್ನಡಿಯೊಳಗಿನದೂ ಹುಳ ಹಾಕಿ ಕರೆಯಿತು. ಎರಡೂ ಕಾದವು.

ಆಮೇಲೆ ಕನ್ನಡಿಯ ಹಿಂದೆ ಹೋಯಿತು. ಅಲ್ಲಿ ಬರೀ ಹಲಗೆ. ನಿಂತು ನೋಡಿತು. ಮುಂದೆ ಬಂತು — ಅಲ್ಲೇ ಇದೆ. ಮತ್ತೆ ಹಿಂದೆ ಹೋಯಿತು.

ಮೆಟ್ಟಿಲಿನಿಂದ ಎದ್ದುಹೋಗಿ ಕನ್ನಡಿ ಒಳಗೆ ತಂದುಬಿಟ್ಟೆ. ಅದನ್ನು ಅಲ್ಲಿಟ್ಟದ್ದು ಕೆಂಚಿಗೆ ಅಂತಲ್ಲ. ಇನ್ನೊಂದು ಕೋಳಿ ಬಂದರೆ ಇದು ನನ್ನ ಕಾಲ ಬಳಿ ಬರುವುದಿಲ್ಲ ಅಂತ. ಬೇರೇನೂ ಇಲ್ಲ.

ಹೊರಗೆ ಕೂಗುತ್ತಿದೆ.

ಫೆಬ್ರವರಿ 25

ಎರಡು ಬಿಳಿ ಕೋಳಿ ತಂದೆ. ಒಂದಕ್ಕೇನಾದರೂ ಆದರೆ ಮತ್ತೆ ಒಂಟಿ ಉಳಿಯಬಾರದು. ಕೂಡಲೇ ಒಟ್ಟಿಗೆ ಬಿಡಬೇಡಿ, ಕಚ್ಚಾಡುತ್ತವೆ, ನಡುವೆ ಜಾಲರಿ ಹಾಕಿ, ಮುಖ ಪರಿಚಯ ಆಗಲಿ ಎಂದಿದ್ದ ಕೋಳಿ ಮಾರುವವ. ಹಾಕಿದೆ.

ಕೆಂಚಿ ಕತ್ತಿನ ಗರಿ ನಿಗುರಿಸಿಕೊಂಡು ಜಾಲರಿಗೆ ಹಾಯ್ದಿತು. ಆಮೇಲೆ ಬಂದು ನನ್ನ ಪಾದದ ಮೇಲೆ ಕೂತಿತು. ಖುಷಿಯಾಯಿತು. ಆಗಬಾರದಿತ್ತು.

ಮಾರ್ಚ್ 6

ಜಾಲರಿ ತೆಗೆದೆ. ಕೆಂಚಿ ಒಂದರ ಜುಟ್ಟು ಹಿಡಿದು ಜಗ್ಗಿತು. ರಕ್ತ. ಪೊರಕೆ ಹಿಡಿದು ನಡುವೆ ನುಗ್ಗಿದೆ. ಗೋಡೆಯಾಚೆಯಿಂದ ಟೈಲರಮ್ಮ:

"ಬಿಡಿ ಭಾವ. ಅವರವರೇ ಸರಿ ಮಾಡ್ಕೊಳ್ತಾರೆ. ನೀವು ನಡುವೆ ಹೋದ್ರೆ ನಾಳೆಗೂ ಇದೇ ಆಗುತ್ತೆ."

ಪೊರಕೆ ಹಿಡಿದು ನಿಂತೇ ಇದ್ದೆ. ಅವಳು ಆಚೆ, ನಾನು ಈಚೆ. ಕತ್ತಲಾಗುವವರೆಗೆ ನೋಡಿದೆವು. ಜಗಳ ಕಮ್ಮಿಯಾಯಿತು. ಅಕ್ಕ ಇದ್ದಿದ್ದರೆ ಎಂದು ಶುರು ಮಾಡಿದಳು, ನಿಲ್ಲಿಸಿದಳು. ಮುಂದೇನು ಎಂದು ನಾನು ಕೇಳಲಿಲ್ಲ. ಕೇಳಬಹುದಿತ್ತು.

ಮಾರ್ಚ್ 7, ಬೆಳಿಗ್ಗೆ

ಮೂರೂ ಒಂದೇ ಕೋಲಿನ ಮೇಲೆ. ಕೆಂಚಿ ನಡುವೆ. ಕತ್ತು ಬಿಳಿಯದರ ರೆಕ್ಕೆಯೊಳಗೆ.

ಮಾರ್ಚ್ 15, ಸಂಜೆ

ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದೆ. ಮೂರೂ ಗೋಡೆ ಬುಡದಲ್ಲಿ ಮಣ್ಣು ಕೆದರುತ್ತಿದ್ದವು. ಕೆಂಚಿ ಎಂದೆ. ತಲೆ ಎತ್ತಿತು. ಕೈ ನೋಡಿತು, ಕಾಳಿಲ್ಲ. ತಿರುಗಿತು.

ಮೈ ತುಂಬಿಕೊಂಡಿದೆ. ಹೊಳೆಯುತ್ತಿದೆ. ಎತ್ತಿಕೊಳ್ಳಲು ಹೋದರೆ ಓಡುತ್ತದೆ. ಹಾಗೇ ಇರಬೇಕು, ಅದಕ್ಕೇ ತಂದದ್ದು... ಕತ್ತಲಾದ ಮೇಲೆ ತಾವೇ ಗೂಡು ಸೇರಿದವು. ಬಾಗಿಲು ಹಾಕಿ ಒಳಗೆ ಬಂದೆ. ಮನೆಯಲ್ಲಿ ನನ್ನ ಚಪ್ಪಲಿ ಸದ್ದು ಬಿಟ್ಟರೆ ಇನ್ನೊಂದಿಲ್ಲ.

ಟೀ ಇಟ್ಟೆ. ಎರಡು ಲೋಟದಷ್ಟು. ಕೈ ತಪ್ಪಿದ್ದಲ್ಲ, ಬೇಕೆಂದೇ ಹೆಚ್ಚು ನೀರು ಹಾಕಿದೆ. ಆಚೆ ಹೊಲಿಗೆ ಮೆಷಿನ್ ನಿಂತಿದೆ. ಹಿತ್ತಿಲಿಗೆ ಬಂದಿದ್ದಾಳೆ, ಒಣಗಿದ ಬಟ್ಟೆ ಕೊಡವುವ ಸದ್ದು. ಕರೆಯಬೇಕು. ಇಷ್ಟು ವರ್ಷ ಅವಳೇ ಕರೆದದ್ದು, ನಾನು ಉತ್ತರ ಕೊಟ್ಟದ್ದು — ಅದೂ ಸಿಡುಕಿಕೊಂಡು. ಈಗ ಏನೆಂದು ಕೂಗುವುದು. ಗೋಡೆ ಹತ್ತಿರ ಹೋಗಿ ಸುಮ್ಮನೆ ಕೆಮ್ಮಿದರೆ...

ಬೇಡ. ಟೀ ಆರುತ್ತಿದೆ. ಕೂಗಿಯೇ ಬಿಡುತ್ತೇನೆ. ಬಂದರೆ ಬರಲಿ, ಬರದಿದ್ದರೆ ಎರಡೂ ಲೋಟ ನಾನೇ ಕುಡಿಯುತ್ತೇನೆ.