ಬೆಕ್ಕಿಗೂ ನೂರು ವರ್ಷ

ಮುತ್ತಿನಕೊಪ್ಪ
12-11-2024

ಭವ್ಯ,

ನಾನು ಚೆನ್ನಾಗಿದ್ದೇನೆ, ಮಂಡಿ ಚೆನ್ನಾಗಿಲ್ಲ. ಉತ್ತರ ತಡವಾಯಿತು, ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಫೋನಿನಲ್ಲಿ ಬೈದರೆ ನೀನು ಕಟ್ ಮಾಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಹಾಲೆಂಡಿನಲ್ಲಿ ನೀನು ನೋಡಿಕೊಳ್ಳುವ ಮುದುಕಿಯ ಕಥೆ ಓದಿದೆ. ಹಿಟ್ಲರನ ಕಾಲದಲ್ಲಿ ಅವಳ ಅಪ್ಪ ಅಮ್ಮ ಒಂದು ಯಹೂದಿ ಹುಡುಗಿಯನ್ನು ಬೀರುವಿನ ಹಿಂದೆ ಬಚ್ಚಿಟ್ಟರು. ಸೈನಿಕರು ಬಂದಾಗ ಆ ಹುಡುಗಿ ಕೆಮ್ಮು ತಡೆಯಲು ದಿಂಬು ಕಚ್ಚಿಕೊಂಡಳು, ಉಳಿದಳು. ಒಳ್ಳೆಯ ಜನ. "ನಮ್ಮ ಮನೆಯವರೂ ಹಾಗೇ ಬಚ್ಚಿಡ್ತಿದ್ರು ಅಲ್ವಾ ದೊಡ್ಡಮ್ಮ" ಎಂದು ಕೇಳಿದ್ದೀಯ. ಬಚ್ಚಿಟ್ಟಿದ್ದರು ಕಣೆ. ನನ್ನನ್ನೇ. ಬಚ್ಚಿಟ್ಟವಳು ನಿನ್ನಜ್ಜಿ ದಾಕ್ಷಾಯಿಣಿ, ನನ್ನ ಚಿಕ್ಕಮ್ಮ.

ಗಂಡನ ಹೊಡೆತ ತಾಳದೆ, ಬಸುರಿ, ಅಡ್ಡಗದ್ದೆಗೆ, ಚಿಕ್ಕಮ್ಮನ ಮನೆಗೆ ಓಡಿ ಹೋಗಿದ್ದೆ. ಹೆತ್ತ ಅಪ್ಪನೇ ಬಾಗಿಲು ತೆಗೆದಿರಲಿಲ್ಲ. ಚಿಕ್ಕಮ್ಮ ಅಟ್ಟ ಹತ್ತಿಸಿ ಮೆಣಸಿನ ಚೀಲಗಳ ಹಿಂದೆ ಕೂರಿಸಿದಳು. ಗಂಡನೂ ಭಾವನೂ ಹುಡುಕಿಕೊಂಡು ಬಂದರು. "ಇಲ್ಲಿಗೆ ಬರ್ಲೇ ಇಲ್ಲ ಮಾರಾಯ್ರೆ, ಬೇಕಾದ್ರೆ ಕೊಟ್ಟಿಗೆ ನೋಡ್ಕೊಳಿ" ಎಂದು ಅವಳು ಕಾಫಿ ಕೊಟ್ಟಳು. ನಂಬಿದರು. ಎದ್ದು ಚಪ್ಪಲಿ ಮೆಟ್ಟುತ್ತಿದ್ದರು, ನಾನು ಸೀನಿದೆ. ಮೂಗು ಹಿಡಿದುಕೊಂಡೇ ಸೀನಿದ್ದು. ಆದರೆ ಮಕ್ಕಳು ಸೀನಿದರೆ ಹಿರಿಯರ ಬಾಯಿಗೆ ತಾನಾಗಿ ಬರುವ ಮಾತು ಇದೆಯಲ್ಲ. ಚಿಕ್ಕಮ್ಮ ಅಟ್ಟದ ಕಡೆ ತಿರುಗಿ "ನೂರು ವರ್ಷ" ಎಂದುಬಿಟ್ಟಳು. ಆಮೇಲೆ "ಬೆಕ್ಕು" ಎಂದಳು.

"ಬೆಕ್ಕಿಗೂ ನೂರು ವರ್ಷನಾ ಅತ್ತೆ?" ಭಾವ ನಕ್ಕ.

ಎಳೆದುಕೊಂಡು ಹೋದರು. ಮತ್ತೆ ನಾನು ಆ ಮನೆಯ ಮೆಟ್ಟಿಲು ತುಳಿದಿಲ್ಲ. ಅಜ್ಜಿಗೆ ಇನ್ನು ಹೆಚ್ಚು ದಿನವಿಲ್ಲ, ಹೋಗಿ ನೋಡು ಎನ್ನುತ್ತೀಯ. ನಿನ್ನಮ್ಮ ಸುಮಲತಾಳದ್ದೂ ದಿನಾ ಅದೇ ಫೋನು. ಹೋಗುವುದಿಲ್ಲ.

ಹೊಟ್ಟೆ ತುಂಬ ಉಣ್ಣು, ಚಳಿಗೆ ಕಿವಿ ಮುಚ್ಚಿಕೋ. ದೇವರು ನಿನ್ನನ್ನು ಚೆನ್ನಾಗಿಡಲಿ. ನೂರು ವರ್ಷ ಬಾಳು ಎಂದು ಮಾತ್ರ ನನ್ನ ಕೈಲಿ ಬರೆಸಬೇಡ.

ನಿನ್ನ ದೊಡ್ಡಮ್ಮ
ಯಮುನಾ

ತಾ.ಕ.: ಕಾಗದ ಪೋಸ್ಟಿಗೆ ಹಾಕಿರಲಿಲ್ಲ. ನಿನ್ನೆ ಅಡ್ಡಗದ್ದೆಗೆ ಹೋಗಿದ್ದೆ, ಬೈದು ಬರೋಣ ಎಂದೇ. ಚಿಕ್ಕಮ್ಮ ಹಾಸಿಗೆಯಲ್ಲಿ ಹಿಡಿಯಷ್ಟಾಗಿದ್ದಾಳೆ. ಸುಮಲತಾ ಒಗ್ಗರಣೆ ಹಾಕಿದಳು, ಘಾಟಿಗೆ ಸೀನಿದೆ. ಚಿಕ್ಕಮ್ಮ ತಟ್ಟನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಯಾರು ಸೀನಿದ್ರೂ ಅಮ್ಮ ಹಂಗೇ ಅಕ್ಕ, ನಾವು ಸಣ್ಣವರಿದ್ದಾಗಿಂದ. ಎಂತಕ್ಕೋ ಗೊತ್ತಿಲ್ಲ" ಎಂದಳು ಸುಮಲತಾ.

ನನಗೆ ಗೊತ್ತಾಯಿತು. ಅವರು ಎಳೆದುಕೊಂಡು ಹೋದ ವಾರವೇ ನನ್ನ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಅದು ಚಿಕ್ಕಮ್ಮನ ಕಿವಿಗೂ ಬಿದ್ದಿತ್ತು. ಕೈ ಬಿಡಿಸಲು ನೋಡಿದೆ, ಬಿಡಲಿಲ್ಲ.

"ಬೆಕ್ಕು ಚಿಕ್ಕಮ್ಮ, ಬರೀ ಬೆಕ್ಕು" ಎಂದೆ.

ಆಮೇಲೆ ಕೈ ತೆಗೆದಳು.